ಖಾಕಿ ಬಿಚ್ಚಿಟ್ಟು ಸಿರ್ಪೂರಿಗೆ ಹೋದದ್ದು

ನಮ್ಮ ಕೇರಿಗೆ ಖಾಕಿ ಬಂತೆಂದರೆ ಗಂಡಸರು ಹಿತ್ತಲ ದಾರಿ ಹಿಡಿಯುತ್ತಾರೆ, ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಊರ ಗೌಡರ ಪಂಪ್‌ಸೆಟ್ಟು ಕಳುವಾಯಿತು. ಠಾಣೆಯವರು ಸೀದಾ ನಮ್ಮ ಕೇರಿಗೇ ಬಂದರು. ಇನ್ನೆಲ್ಲಿಗೆ ಹೋಗ್ತಾರೆ ಹೇಳಿ? ಅಪ್ಪನನ್ನು ಎಳೆದುಕೊಂಡು ಹೋಗಿ ಮೂರು ದಿನ ಇಟ್ಟುಕೊಂಡು ಬಿಟ್ಟರು. ಪಂಪ್‌ಸೆಟ್ಟು ಗೌಡರ ಅಳಿಯನ ತೋಟದಲ್ಲಿ ಸಿಕ್ಕಿತು. ಅಪ್ಪ ಮಾತ್ರ ಆಮೇಲೆ ನೆಟ್ಟಗೆ ನಡೆಯಲಿಲ್ಲ. ಅವ್ವ ಈಗಲೂ ಬಸ್ಸಿನೊಳಗೆ ಕಂಡಕ್ಟರನ ಖಾಕಿ ಕಂಡರೂ ಸೆರಗು ಬಿಗಿ ಮಾಡ್ಕೋತಾಳೆ.

ಇಂಥ ಕೇರಿಯಿಂದ ಬಂದವನಿಗೆ, ಒಬ್ಬ ಪೊಲೀಸ್ ಅಧಿಕಾರಿ ಖಾಕಿ ಬಿಚ್ಚಿಟ್ಟು ನೀಲಿ ಶಾಲು ಹೊದ್ದು ಓಟು ಕೇಳಲು ಬಂದರೆ ಚಪ್ಪಾಳೆಗೆ ಎತ್ತಿದ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಆ ನಿಂತ ಕೈಯೂ ನಮ್ಮ ಚರಿತ್ರೆಯ ಭಾಗವೇ. ತೆಲಂಗಾಣದ ಆರ್. ಎಸ್. ಪ್ರವೀಣ್‌ಕುಮಾರ್ 2023ರಲ್ಲಿ ವಿಧಾನಸಭೆಗೆ ನಿಂತು ಸೋತದ್ದನ್ನು ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಸೋತವರ ಚರಿತ್ರೆಯನ್ನು ಬೇರೆ ಯಾರು ಬರೀತಾರೆ?

ಪೊಲೀಸರು ಚುನಾವಣೆಗೆ ನಿಲ್ಲುವುದು ನಮ್ಮ ಕನ್ನಡ ನಾಡಿಗೆ ಹೊಸದಲ್ಲ. ಸಾಂಗ್ಲಿಯಾನ ಅವರ ಹೆಸರಿನಲ್ಲಿ 1988ರಲ್ಲಿ ಶಂಕರ್‌ನಾಗ್ ಸಿನಿಮಾ ಬಂತು. 2004ರಲ್ಲಿ ಅವರೇ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಗೆದ್ದರು. ಕೂಡ್ಲಿಗಿಯ ಡಿವೈಎಸ್ಪಿ ಹುದ್ದೆ ಬಿಟ್ಟ ಅನುಪಮಾ ಶೆಣೈ 2018ರಲ್ಲಿ ಸ್ವಂತ ಪಕ್ಷ ಕಟ್ಟಿ ಕಾಪುವಿನಲ್ಲಿ ನಿಂತು ಸೋತರು. ಉಡುಪಿ, ಚಿಕ್ಕಮಗಳೂರಿನಲ್ಲಿ ಎಸ್ಪಿಯಾಗಿದ್ದ ಅಣ್ಣಾಮಲೈ 2019ರಲ್ಲಿ ರಾಜೀನಾಮೆ ಕೊಟ್ಟು 2021ರಲ್ಲಿ ತಮಿಳುನಾಡಿನ ಅರವಕುರಿಚ್ಚಿಯಲ್ಲಿ ಸೋತರು. ಸಿನಿಮಾದೊಳಗೆ ಗುದ್ದುವ ಪೊಲೀಸನಿಗೆ ಶಿಳ್ಳೆ ಹೊಡೆದು ಅಭ್ಯಾಸವಾದ ಜನ ನಾವು. ಆ ಗುದ್ದು ಯಾರ ಬೆನ್ನಿಗೆ ಬೀಳುತ್ತದೆಂದು ಟಾಕೀಸಿನ ಕತ್ತಲಲ್ಲಿ ಕಾಣುವುದಿಲ್ಲ. ಪ್ರವೀಣ್‌ಕುಮಾರ್ ಕಥೆ ಈ ಸಾಲಿನದಲ್ಲ.

ಅವರು ಹುಟ್ಟಿದ್ದು 1967ರಲ್ಲಿ, ಆಲಂಪುರದಲ್ಲಿ. ಆಲಂಪುರ ಅಂದರೆ ನಮಗೇನೂ ಪರದೇಶವಲ್ಲ. ತುಂಗಭದ್ರೆ ಕೃಷ್ಣೆಯನ್ನು ಕೂಡುವ ಹತ್ತಿರ, ನಮ್ಮ ರಾಯಚೂರು ದೋಆಬದ ಮೂಡಣ ತುದಿ. 1956ರಲ್ಲಿ ಭಾಷಾವಾರು ಗೆರೆ ಎಳೆಯುವವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯೊಳಗೇ ಇದ್ದವು. ಅಲ್ಲಿಯ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರವು ಎಂದು ನಮ್ಮ ಪಂಡಿತರು ಎದೆ ಉಬ್ಬಿಸಿ ಬರೆದಿದ್ದಾರೆ. ಆ ಕಲ್ಲು ಹೊತ್ತವರ ಮಕ್ಕಳು ಏನಾದರು ಎಂದು ಬರೆದದ್ದನ್ನು ನಾನು ಓದಿಲ್ಲ.

ಪಶುವೈದ್ಯಕೀಯ ಓದಿದ ಈ ದಲಿತ ಯುವಕ 1995ರ ತಂಡದಲ್ಲಿ ಐಪಿಎಸ್ ಸೇರಿದರು. ಆ ಇಸವಿಯನ್ನು ಸ್ವಲ್ಪ ನೆನಪಿನಲ್ಲಿಡಬೇಕು. ಹತ್ತು ವರ್ಷ ಹಿಂದೆ, 1985ರ ಜುಲೈ 17ರಂದು, ಆಂಧ್ರದ ಕಾರಂಚೇಡುವಿನಲ್ಲಿ ಆರು ಮಂದಿ ಮಾದಿಗರನ್ನು ಭೂಮಾಲೀಕರು ಅಟ್ಟಾಡಿಸಿ ಕೊಂದಿದ್ದರು. ನಾಲ್ಕು ವರ್ಷ ಹಿಂದೆ, 1991ರ ಆಗಸ್ಟ್ 6ರಂದು, ಚುಂಡೂರಿನಲ್ಲಿ ಎಂಟು ಮಂದಿ ದಲಿತರ ಕೊಲೆಯಾಗಿತ್ತು, ಅದೂ ಪೊಲೀಸರು ಊರೊಳಗೆ ಇರುವಾಗಲೇ. ಚುಂಡೂರಿನ ವಿಶೇಷ ನ್ಯಾಯಾಲಯ 2007ರಲ್ಲಿ 21 ಮಂದಿಗೆ ಜೀವಾವಧಿ ಕೊಟ್ಟಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟುಬಿಟ್ಟಿತು. 1857ರ ದಂಗೆಯಾದ ಮೇಲೆ ಬ್ರಿಟಿಷರು 1861ರ ಕಾಯ್ದೆಯಿಂದ ಕಟ್ಟಿದ ಪೊಲೀಸು ಇದು. ಪ್ರಜೆಯನ್ನು ಕಾಯಲಿಕ್ಕೆ ಕಟ್ಟಿದ್ದಲ್ಲ, ಪ್ರಜೆಯಿಂದ ಸರ್ಕಾರವನ್ನು ಕಾಯಲಿಕ್ಕೆ ಕಟ್ಟಿದ್ದು. ಅದರೊಳಗೆ ಒಬ್ಬ ದಲಿತ ಅಧಿಕಾರಿ ಹೊಕ್ಕರೆ ಯಂತ್ರ ಬದಲಾಗುತ್ತದೋ, ಹೊಕ್ಕವನು ಬದಲಾಗುತ್ತಾನೋ?

ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಪ್ರವೀಣ್‌ಕುಮಾರ್ ಎಸ್ಪಿಯಾಗಿದ್ದ ಜಿಲ್ಲೆಗಳಲ್ಲಿ ಕರೀಂನಗರವೂ ಒಂದು. ನಕ್ಸಲ್ ಚಳುವಳಿಯ ತವರು ಅದು. ಆ ಕಾಲದ ಆಂಧ್ರದಲ್ಲಿ 'ಎನ್‌ಕೌಂಟರ್' ಎಂಬ ಇಂಗ್ಲಿಷ್ ಪದ ಹಳ್ಳಿಯ ಮುದುಕಿಯರ ಬಾಯಲ್ಲೂ ಇತ್ತು. ಕನ್ನಬಿರಾನ್, ಬಾಲಗೋಪಾಲರಂಥವರು ಒಂದೊಂದು ಹೆಣದ ಲೆಕ್ಕ ಕೇಳುತ್ತ ಕೋರ್ಟು ಮೆಟ್ಟಿಲು ಸವೆಸಿದರು. ಆಂಧ್ರದ ನಾಗರಿಕ ಹಕ್ಕುಗಳ ಸಂಘ ಕೊಟ್ಟ ದೂರಿನ ಮೇಲೆಯೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1997ರಲ್ಲಿ ಎಲ್ಲ ರಾಜ್ಯಗಳಿಗೂ ಎನ್‌ಕೌಂಟರ್ ಸಾವುಗಳ ತನಿಖೆ ಹೀಗೆ ನಡೆಯಬೇಕೆಂದು ಬರೆಯಬೇಕಾಯಿತು. ಆ ಪಡೆಯೊಳಗಿದ್ದ ಯಾವ ಅಧಿಕಾರಿಯೂ, ದಲಿತನಾದರೂ ಸರಿ, ನಾಳೆ ಓಟು ಕೇಳಲು ಬಂದಾಗ ಆ ವರ್ಷಗಳ ಬಗ್ಗೆ ಬಾಯಿಬಿಟ್ಟು ಮಾತಾಡಬೇಕೆಂದು ನಾನು ನಂಬುತ್ತೇನೆ. ನಮ್ಮವನು ಎಂದು ಪ್ರಶ್ನೆ ಬಿಟ್ಟರೆ ಗೌಡರ ಮನೆಯವರೂ ಅದನ್ನೇ ಮಾಡುತ್ತಾರೆ, ನಮಗೂ ಅವರಿಗೂ ಏನು ವ್ಯತ್ಯಾಸ ಸ್ವಾಮಿ?

ಆದರೆ ಆ ಮನುಷ್ಯ ಖಾಕಿಯಿಂದ ಪಕ್ಕಕ್ಕೆ ಸರಿದು ಮಾಡಿದ ಕೆಲಸವೂ ಇದೆ. ಅದನ್ನು ಹೇಳದಿದ್ದರೆ ಸಿರ್ಪೂರು ಅರ್ಥವಾಗುವುದಿಲ್ಲ.

ಆಂಧ್ರದಲ್ಲಿ ಸಮಾಜ ಕಲ್ಯಾಣ ಹಾಸ್ಟೆಲುಗಳೆಂದರೆ ಎಸ್. ಆರ್. ಶಂಕರನ್ ಎಂಬ ಐಎಎಸ್ ಅಧಿಕಾರಿಯ ಹೆಸರು ಮೊದಲು ಬರುತ್ತದೆ. ದಲಿತರ ಮಕ್ಕಳಿಗೆ ಊಟ, ಹಾಸಿಗೆ, ಪುಸ್ತಕ ಕೊಡುವುದು ಧರ್ಮವಲ್ಲ, ಅವರ ಹಕ್ಕು ಎಂದು ಹಟ ಹಿಡಿದವರು ಅವರು. 1987ರಲ್ಲಿ ನಕ್ಸಲರು ಅಪಹರಿಸಿದ ಅಧಿಕಾರಿಗಳಲ್ಲಿ ಅವರೂ ಇದ್ದರು. ಅದೇ ಶಂಕರನ್ ಮುಂದೆ ಸರ್ಕಾರ ಮತ್ತು ನಕ್ಸಲರ ನಡುವೆ ಮಾತುಕತೆಗಾಗಿ ವರ್ಷಗಟ್ಟಲೆ ಅಲೆದರು. ಅವರು ತೀರಿಕೊಂಡದ್ದು 2010ರಲ್ಲಿ. ಎರಡು ವರ್ಷದ ಮೇಲೆ, 2012ರಲ್ಲಿ, ಸಮಾಜ ಕಲ್ಯಾಣ ವಸತಿ ಶಾಲೆಗಳ ಸಂಸ್ಥೆಗೆ ಕಾರ್ಯದರ್ಶಿಯಾಗಿ ಬಂದವರು ಪ್ರವೀಣ್‌ಕುಮಾರ್. ಪೊಲೀಸ್ ಇಲಾಖೆಯವನು ಶಾಲೆಗೆ ಬರುವುದೆಂದರೆ ಸಾಮಾನ್ಯವಾಗಿ ಶಿಕ್ಷೆ. ಇವರು ಕೇಳಿ ಬಂದರು, ಒಂಬತ್ತು ವರ್ಷ ಅಲ್ಲೇ ಉಳಿದರು.

2014ರ ಮೇ 25ರಂದು ನಿಜಾಮಾಬಾದ್ ಜಿಲ್ಲೆಯ ಪಾಕಾಲದ ಆದಿವಾಸಿ ಹುಡುಗಿ ಮಾಲಾವತ್ ಪೂರ್ಣಾ, ಇನ್ನೂ ಹದಿನಾಲ್ಕು ತುಂಬದವಳು, ಎವರೆಸ್ಟ್ ತುದಿ ಮುಟ್ಟಿದಳು. ಜೊತೆಗೆ ಖಮ್ಮಂ ಕಡೆಯ ದಲಿತ ಹುಡುಗ ಸಾಧನಪಲ್ಲಿ ಆನಂದಕುಮಾರ್. ಇಬ್ಬರೂ ಇದೇ ವಸತಿ ಶಾಲೆಗಳ ಮಕ್ಕಳು. ಭುವನಗಿರಿಯ ಬಂಡೆಯ ಮೇಲೆ ಹತ್ತುವುದು ಕಲಿತವರು. ನೇಪಾಳದ ಕಡೆಯಿಂದ ಅಷ್ಟು ಚಿಕ್ಕವರನ್ನು ಬಿಡುವುದಿಲ್ಲವೆಂದು ಟಿಬೆಟ್ ಕಡೆಯಿಂದ ಹೋದರು. ನಾನಾಗ ರಾಯಚೂರು ಸೀಮೆಯ ಒಂದು ಹಾಸ್ಟೆಲಿನ ಹುಡುಗ. ಪೂರ್ಣಾ ನನ್ನ ವಾರಿಗೆಯವಳು. ನಮ್ಮ ಹಾಸ್ಟೆಲಿನಲ್ಲಿ ಆ ವರ್ಷ ನಾವು ಹತ್ತಿದ್ದು ನೀರಿನ ಟ್ಯಾಂಕು. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಪೇಪರಿನ ಫೋಟೋ ಕತ್ತರಿಸಿ ಟ್ರಂಕಿನೊಳಗೆ ಅಂಟಿಸಿಕೊಂಡಿದ್ದೆ. ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. 'ಅಷ್ಟ್ ಮ್ಯಾಲೆ ಏನೈತಂತ ಹೋದ್ಲು, ತಿರುಗಿ ಮನೀಗೆ ಬಂದ್ಲಾ?' ಅಂದಳು.

ಆ ಶಾಲೆಗಳ ಮಕ್ಕಳು ತಮ್ಮನ್ನು 'ಸ್ವೇರೋ' ಎಂದು ಕರೆದುಕೊಂಡರು. ಸಮಾಜ ಕಲ್ಯಾಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಗೆ ಆಕಾಶ ಎಂಬರ್ಥದ ಪದ ಸೇರಿಸಿ ಮಾಡಿದ ಹೆಸರು. ನಾವು ಯಾರಿಗೂ ಕಡಿಮೆಯಲ್ಲ ಎಂಬುದು ಅವರ ಪ್ರತಿಜ್ಞೆಯ ಮೊದಲ ಮಾತು. ಇಂಥ ಮಾತು ಹುಡುಗರ ಬಾಯಲ್ಲಿ ಬಂದರೆ ಕೆಲವರಿಗೆ ಹೊಟ್ಟೆಯುರಿ. 2021ರ ಮಾರ್ಚಿನಲ್ಲಿ ಧೂಳಿಕಟ್ಟದ ಬೌದ್ಧ ನೆಲೆಯಲ್ಲಿ, 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕೆಲವನ್ನು ಹೇಳಿಸಿದಾಗ ಪ್ರವೀಣ್‌ಕುಮಾರ್ ಅಲ್ಲಿದ್ದರೆಂದು ದೊಡ್ಡ ಗದ್ದಲವಾಯಿತು. ಎವರೆಸ್ಟ್ ಹತ್ತಿಸಿದರೆ ಹಾರ, ರಾಮಕೃಷ್ಣರ ಪೂಜೆ ಮಾಡುವುದಿಲ್ಲ ಅನ್ನಿಸಿದರೆ ದೂರು.

ಆ ವರ್ಷ ಜುಲೈ 19ರಂದು ಅವರು ಸ್ವಯಂ ನಿವೃತ್ತಿ ಕೇಳಿ ಪತ್ರ ಕೊಟ್ಟರು. ಇನ್ನೂ ವರ್ಷಗಳ ಸೇವೆ ಬಾಕಿಯಿತ್ತು. ಆಗಸ್ಟ್ 8ರಂದು ನಲ್ಲಗೊಂಡದಲ್ಲಿ ಬಹುಜನ ಸಮಾಜ ಪಕ್ಷ ಸೇರಿದರು. ಅದೇ ಆಗಸ್ಟ್ ತಿಂಗಳಲ್ಲಿ ಇತ್ತ ಕರ್ನಾಟಕದಲ್ಲಿ, 2018ರಲ್ಲಿ ಕೊಳ್ಳೇಗಾಲದಿಂದ ಆನೆ ಗುರುತಿನ ಮೇಲೆ ಗೆದ್ದು ಮಂತ್ರಿಯೂ ಆಗಿ, ಆಮೇಲೆ ಪಕ್ಷದಿಂದ ಉಚ್ಚಾಟಿತರಾಗಿದ್ದ ಎನ್. ಮಹೇಶ್ ಬಿಜೆಪಿ ಸೇರಿದರು. ಒಬ್ಬರು ಆನೆಯ ನೆನಪು ಬಿಟ್ಟು ಹೋಗುವಾಗ ಇನ್ನೊಬ್ಬರು ಆನೆ ಏರುತ್ತಿದ್ದರು. ನಮ್ಮ ಗೆಳೆಯರ ಬಳಗದಲ್ಲಿ ಆ ವಾರ ನಿದ್ದೆಗೆಟ್ಟು ಜಗಳವಾಡಿದ್ದು ನೆನಪಿದೆ.

2022ರ ಮಾರ್ಚಿನಲ್ಲಿ ಅವರು ರಾಜ್ಯಾಧಿಕಾರದ ಯಾತ್ರೆ ಶುರುಮಾಡಿದ್ದು ಖಿಲಾಶಾಪುರದಿಂದ. ಕಳ್ಳು ಇಳಿಸುವ ಜಾತಿಯಲ್ಲಿ ಹುಟ್ಟಿ ಮೊಗಲರ ಅಧಿಕಾರಿಗಳಿಗೆ ಸವಾಲೆಸೆದು 1700ರ ಸುಮಾರಿಗೆ ಕೋಟೆ ಕಟ್ಟಿದ ಸರ್ವಾಯಿ ಪಾಪನ್ನನ ಊರು ಅದು. ದಲಿತರೊಬ್ಬರಿಂದಲೇ ಆಗುವುದಿಲ್ಲ, ಹಿಂದುಳಿದವರನ್ನೂ ಕಟ್ಟಿಕೊಳ್ಳಬೇಕೆಂಬ ಕಾನ್ಶಿರಾಮರ ಲೆಕ್ಕ ಇದರ ಹಿಂದಿತ್ತು. ಕಾನ್ಶಿರಾಮರೂ ಪುಣೆಯಲ್ಲಿ ಸರ್ಕಾರಿ ನೌಕರಿ ಬಿಟ್ಟು ಬಂದವರೇ. ಮೀಸಲು ಕ್ಷೇತ್ರದಿಂದ ಗೆದ್ದವನು ಮೇಲ್ಜಾತಿಯ ಓಟಿನ ಹಂಗಿನಲ್ಲಿರುತ್ತಾನೆ, 1932ರ ಪೂನಾ ಒಪ್ಪಂದ ಕೊಟ್ಟ ಬಳುವಳಿ ಇದು ಎಂಬುದು ಅವರ ಜೀವಮಾನದ ವಾದ. 1988ರಲ್ಲಿ ಅಲಹಾಬಾದಿನಲ್ಲಿ ನಿಂತು ಮೂರನೆಯವರಾದರು; 1991ರಲ್ಲಿ ಇಟಾವಾದಿಂದ ಗೆದ್ದರು. ಎರಡೂ ಆಗ ಸಾಮಾನ್ಯ ಕ್ಷೇತ್ರಗಳೇ.

ಈಗ ಸಿರ್ಪೂರು. ಪ್ರವೀಣ್‌ಕುಮಾರ್ ಹುಟ್ಟಿದ ಆಲಂಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ನಿಲ್ಲಬಹುದಿತ್ತು. ಅದನ್ನು ಬಿಟ್ಟು ರಾಜ್ಯದ ದಕ್ಷಿಣದ ಕೊನೆಯಿಂದ ಉತ್ತರದ ಕೊನೆಗೆ, ಮಹಾರಾಷ್ಟ್ರದ ಗಡಿಗೆ ಹತ್ತಿದ, ತೆಲಂಗಾಣದ ಕ್ಷೇತ್ರಗಳ ಪಟ್ಟಿಯಲ್ಲಿ ಒಂದನೇ ನಂಬರಿನ ಸಾಮಾನ್ಯ ಕ್ಷೇತ್ರಕ್ಕೆ ಹೋದರು. ಕೊಮುರಂ ಭೀಮನ ಹೆಸರಿನ ಜಿಲ್ಲೆ. ಕಾಡು, ಆದಿವಾಸಿಗಳು, ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆನಿಂತವರು, ನಿಜಾಮನ ಕಾಲದ ಕಾಗದದ ಕಾರ್ಖಾನೆ. ಕಾಗಜ್‌ನಗರ ಎಂಬ ಹೆಸರೇ ಆ ಗಿರಣಿಯಿಂದ ಬಂದದ್ದು. ಗಿರಣಿ 2014ರಲ್ಲಿ ನಿಂತುಹೋಗಿ 2018ರಲ್ಲಿ ಬೇರೆ ಮಾಲೀಕರ ಕೈಯಲ್ಲಿ ಮತ್ತೆ ಶುರುವಾಯಿತು. ನಡುವೆ ಕೂಲಿಕಾರರು ಹೇಗೆ ಬದುಕಿದರೋ.

ಇಲ್ಲಿ ಆನೆ ಗುರುತು ಹೊಸದಾಗಿರಲಿಲ್ಲ. 2014ರಲ್ಲಿ ಇದೇ ಸಿರ್ಪೂರಿನಲ್ಲಿ ಬಿಎಸ್ಪಿ ಗೆದ್ದಿತ್ತು! ಗೆದ್ದವರು ಕೋನೇರು ಕೋನಪ್ಪ. ನಿರ್ಮಲ್‌ನಲ್ಲಿ ಗೆದ್ದವರು ಇಂದ್ರಕರಣ್ ರೆಡ್ಡಿ. ಇಬ್ಬರೂ ದಲಿತರಲ್ಲ. ಗೆದ್ದ ಮೇಲೆ ಇಬ್ಬರೂ ಆನೆಯಿಂದಿಳಿದು ಆಳುವ ಟಿಆರ್‌ಎಸ್‌ ಕಾರು ಹತ್ತಿದರು. ರೆಡ್ಡಿಯವರು ಮಂತ್ರಿಯೂ ಆದರು. ನೀಲಿ ಬಾವುಟ ಅವರಿಗೆ ಹೊಳೆ ದಾಟುವ ಹರಿಗೋಲು. 2023ರ ಹೊತ್ತಿಗೆ ಕೋನಪ್ಪ ಟಿಆರ್‌ಎಸ್‌ನಿಂದ ಬಿಆರ್‌ಎಸ್‌ ಎಂದು ಹೆಸರು ಬದಲಿಸಿಕೊಂಡ ಅದೇ ಪಕ್ಷದ ಹುರಿಯಾಳು, ಎದುರಿಗೆ ಅದೇ ಆನೆಯ ಮೇಲೆ ಒಬ್ಬ ದಲಿತ.

ಪ್ರಚಾರದ ನಡುವೆ ಒಂದು ಸಂಗತಿ ನಡೆಯಿತು. ನವೆಂಬರಿನಲ್ಲಿ ಆಳುವ ಪಕ್ಷದ ಪ್ರಚಾರ ವಾಹನದ ತಂಟೆಯೊಂದರಲ್ಲಿ ಕಾಗಜ್‌ನಗರದ ಪೊಲೀಸರು ಪ್ರವೀಣ್‌ಕುಮಾರರ ಮೇಲೇ ಕೇಸು ದಾಖಲಿಸಿದರು. ಅದು ಸುಳ್ಳು ಕೇಸು ಎಂದರು ಅವರು. ಇಪ್ಪತ್ತಾರು ವರ್ಷ ಆ ಇಲಾಖೆಯ ಅಧಿಕಾರಿಯಾಗಿದ್ದವರು ಠಾಣೆಯ ಮೇಜಿನ ಈಚೆ ಬದಿಗೆ ನಿಂತರು. ನಮ್ಮಪ್ಪ ನಿಂತ ಬದಿ ಅದು. ಕೇಸಿನ ನಿಜ ಸುಳ್ಳು ಕೋರ್ಟಿನ ಮಾತು. ಖಾಕಿಯ ಮರ್ಯಾದೆ ಖಾಕಿ ಮೈಮೇಲಿರುವ ತನಕ ಮಾತ್ರ ಎಂಬುದಕ್ಕೆ ತೀರ್ಪು ಬೇಕಿಲ್ಲ.

ನವೆಂಬರ್ 30ರಂದು ಮತದಾನ, ಡಿಸೆಂಬರ್ 3ರಂದು ಎಣಿಕೆ. ಬಿಜೆಪಿಯ ಪಾಲ್ವಾಯಿ ಹರೀಶ್‌ಬಾಬು 3,088 ಓಟುಗಳಿಂದ ಗೆದ್ದರು. ಕೋನಪ್ಪ ಎರಡನೆಯವರು. ಪ್ರವೀಣ್‌ಕುಮಾರ್ ಮೂರನೆಯವರು, 44 ಸಾವಿರದ ಮೇಲೆ ಓಟು. ಇಡೀ ರಾಜ್ಯದ 119 ಕ್ಷೇತ್ರಗಳಲ್ಲಿ ಬಿಎಸ್ಪಿಗೆ ಒಂದೂ ದಕ್ಕಲಿಲ್ಲ.

'ಠೇವಣಿ ಕಳೆದುಕೊಳ್ಳುವ ಪಕ್ಷ' ಎಂದು ನಗುವವರು ಈ 44 ಸಾವಿರವನ್ನು ಒಂದು ಸಲ ಎಣಿಸಿ ನೋಡಲಿ. ಹೊರಗಿನಿಂದ ಬಂದವನು, ದಲಿತ, ಮೀಸಲಲ್ಲದ ಕ್ಷೇತ್ರ, ಎದುರಿಗೆ ಎರಡು ದೊಡ್ಡ ಪಕ್ಷ. ಅಷ್ಟು ಕೈಗಳು ಗುಂಡಿ ಒತ್ತಿದವು. ಆದರೆ ನಮಗೆ ನಾವೇ ಸುಳ್ಳು ಹೇಳಿಕೊಳ್ಳಬಾರದು. 2014ರಲ್ಲಿ ದಲಿತನಲ್ಲದವನನ್ನು ಹೊತ್ತು ದಡ ಸೇರಿಸಿದ ಆನೆ ಒಂಬತ್ತು ವರ್ಷದ ಮೇಲೆ ದಲಿತನನ್ನು ಹೊತ್ತಾಗ ನಡುನೀರಿನಲ್ಲಿ ನಿಂತಿತು. ಆವತ್ತು ಕೇರಿಯ ಓಟಿಗೆ ಊರ ಓಟು ಸೇರಿತ್ತು. ಈ ಸಲ ಕೇರಿಯಿಂದ ಬಂದವನಿಗೆ ಊರಿನ ಓಟು ಬೇಕಷ್ಟು ಬರಲಿಲ್ಲವೆಂದೇ ನಾನು ಓದುತ್ತೇನೆ. ಇನ್ನೊಂದು ಮಾತು: ವಸತಿ ಶಾಲೆಯ ಮಕ್ಕಳು ಎವರೆಸ್ಟ್ ಹತ್ತಲು ಅಷ್ಟೊಂದು ತಯಾರಿ ಬೇಕಾಯಿತು, ಪಕ್ಷಕ್ಕೆ ಹಳ್ಳಿ ಹಳ್ಳಿಯಲ್ಲಿ ಬೇರು ಬಿಡಲು ಎರಡು ವರ್ಷ ಸಾಕು ಎಂದುಕೊಂಡದ್ದು ಅಧಿಕಾರಿಯ ಲೆಕ್ಕ, ಚಳುವಳಿಯ ಲೆಕ್ಕವಲ್ಲ. ಆದೇಶ ಹೊರಡಿಸಿದರೆ ಕೆಲಸವಾಗುತ್ತದೆಂಬ ರೂಢಿ ಖಾಕಿಯ ಜೊತೆಗೆ ಬಿಚ್ಚಿಡಲು ಬರುವುದಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಬರೆಯಲು ಮನಸ್ಸಿಲ್ಲ. 2024ರ ಮಾರ್ಚಿನಲ್ಲಿ ಬಿಆರ್‌ಎಸ್ ಜೊತೆ ಬಿಎಸ್ಪಿ ಮೈತ್ರಿ ಘೋಷಣೆಯಾಯಿತು, ದೆಹಲಿಯಿಂದ ಒಪ್ಪಿಗೆ ಉಳಿಯಲಿಲ್ಲ, ಪ್ರವೀಣ್‌ಕುಮಾರ್ ಪಕ್ಷ ಬಿಟ್ಟರು. ಎರಡೂವರೆ ವರ್ಷ ಯಾರ ಸರ್ಕಾರವನ್ನು ದೊರೆಗಳ ಆಳ್ವಿಕೆ ಎಂದು ಬೈಯುತ್ತಿದ್ದರೋ ಅದೇ ಕೆ. ಚಂದ್ರಶೇಖರ ರಾವ್ ಅವರ ಪಕ್ಷ ಸೇರಿದರು. ಅದೇ ತಿಂಗಳು ಕೋನಪ್ಪ ಆ ಪಕ್ಷ ಬಿಟ್ಟು ಕಾಂಗ್ರೆಸ್ಸಿಗೆ ಹೋದರು. ಲೋಕಸಭೆಗೆ ಪ್ರವೀಣ್‌ಕುಮಾರ್ ನಿಂತದ್ದು ನಾಗರ್‌ಕರ್ನೂಲ್‌ನಲ್ಲಿ. ಅದು ಮೀಸಲು ಕ್ಷೇತ್ರ. ಆಲಂಪುರ ಅದರೊಳಗೇ ಬರುತ್ತದೆ. ಕಾಂಗ್ರೆಸ್ಸಿನ ಮಲ್ಲು ರವಿ ಗೆದ್ದರು, ಬಿಜೆಪಿ ಎರಡನೆಯದು, ಇವರು ಅಲ್ಲಿಯೂ ಮೂರನೆಯವರು.