ತಾನೇ ಬರೆದು ತಾನೇ ಪ್ರಕಟಿಸಿದವರು: ನಂಜನಗೂಡು ತಿರುಮಲಾಂಬನವರು

ಬರೆಯುವ ಆಸೆಯುಳ್ಳವರು ಎಲ್ಲ ಕಾಲದಲ್ಲಿಯೂ ಉಂಟು. ಬರೆದುದನ್ನು ಲೋಕದ ಮುಂದಿಡುವ ಅನುಕೂಲವು ಮಾತ್ರ ಎಲ್ಲರಿಗೂ ಒದಗಿದುದಲ್ಲ. ನಮ್ಮ ಜಿಲ್ಲೆಯ ಯಳಂದೂರಿನ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಯವರ ಸಂಚಿಯನ್ನು ಹಿಡಿಯುವ ಸೇವೆಯಲ್ಲಿದ್ದಳು. ಆಕೆಯ ‘ಹದಿಬದೆಯ ಧರ್ಮ’ವು ಆ ಆಶ್ರಯದ ನೆರಳಿನಲ್ಲಿ ಬೆಳೆದ ಕೃತಿ. ಅರಮನೆಯ ಬಾಗಿಲು ತೆರೆಯದೆ ಇದ್ದಿದ್ದರೆ ಆ ಕಾವ್ಯವು ನಮಗೆ ದೊರೆಯುತ್ತಿದ್ದಿತೋ ಇಲ್ಲವೋ ಯಾರು ಬಲ್ಲರು?

ಎರಡು ಶತಮಾನಗಳ ಮೇಲೆ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ನಂಜನಗೂಡಿನಲ್ಲಿ ಮತ್ತೊಬ್ಬ ಹೆಣ್ಣುಮಗಳು ಯಾವ ಅರಸರ ಆಶ್ರಯವನ್ನೂ ಕಾಯದೆ ಲೇಖನಿಯನ್ನು ಹಿಡಿದರು. 1887ರಲ್ಲಿ ಜನಿಸಿದ ತಿರುಮಲಾಂಬನವರಿಗೆ ಬಾಲ್ಯದಲ್ಲಿಯೇ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿಗೇ ವೈಧವ್ಯವು ಪ್ರಾಪ್ತವಾಯಿತು. ಅಂತಹ ಬಾಲೆಯ ಪಾಲಿಗೆ ಆ ಕಾಲದ ಸಮಾಜವು ಇಟ್ಟಿದ್ದುದು ಅಡಿಗೆಯ ಮನೆಯ ಮೂಲೆಯೊಂದನ್ನು. ವಕೀಲರಾಗಿದ್ದ ತಂದೆ ವೆಂಕಟಕೃಷ್ಣಯ್ಯಂಗಾರ್ಯರು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಆ ಓದಿನಿಂದಲೇ ಬರೆಹವು ಹುಟ್ಟಿತು.

1913ರಲ್ಲಿ ಅವರು ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಪ್ರಕಟಿಸಿದರು. ಕೆಲವು ವರ್ಷಗಳಲ್ಲಿಯೇ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯೂ ಹೊರಟಿತು. ಸ್ತ್ರೀಯೊಬ್ಬಳು ತಾನೇ ಬರೆದು, ತಾನೇ ಸಂಪಾದಿಸಿ, ತಾನೇ ಪ್ರಕಾಶಕಳಾಗುವುದು ಕನ್ನಡ ನಾಡಿಗೆ ಹೊಸತು. 1911ರ ಜನಗಣತಿಯ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ ಇಬ್ಬರೂ ಇರಲಿಲ್ಲ. ಅಂದಮೇಲೆ ಸ್ತ್ರೀಯರಿಗಾಗಿ ಪತ್ರಿಕೆಯನ್ನು ತೆಗೆಯುವುದೆಂದರೆ, ಬಾವಿಯನ್ನು ತೋಡುವುದರೊಡನೆ ಬಾಯಾರಿದವರನ್ನೂ ತಾನೇ ಹುಡುಕಿ ಕರೆತರುವಂತಹ ಕೆಲಸ.

ಹೊಸದಾಗಿ ಪತ್ರಿಕೆಯನ್ನು ಹಿಡಿದವರಿಗೆ ಮೊದಲು ಬರುವ ಪಾಠವು ಕಾಲನಿಯಮದ್ದು. ಕಾವ್ಯವು ಸ್ಫೂರ್ತಿಯನ್ನು ಕಾಯಬಹುದು, ಮಾಸಪತ್ರಿಕೆಯು ಕಾಯದು. ತಿಂಗಳು ತಿರುಗಿದೊಡನೆ ಪುಟಗಳು ತುಂಬಲೇಬೇಕು. ಎರಡನೆಯದು ವಾಚಕರದ್ದು. ಮನೆಯವರ ಮೆಚ್ಚುಗೆಯೇ ಬೇರೆ, ಚಂದಾ ತೆತ್ತ ಅಪರಿಚಿತರ ಮೆಚ್ಚುಗೆಯೇ ಬೇರೆ; ಅವರಿಗೆ ತಿಳಿಯುವಂತೆ ಬರೆಯುವಾಗಲೇ ಬರೆಯುವವನಿಗೆ ತನ್ನ ಅಭಿಪ್ರಾಯವು ಯಾವುದೆಂದು ಸ್ಪಷ್ಟವಾಗುವುದು. ಮೂರನೆಯದು ಸಾಗಣೆಯದು. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿತ್ತು; 1891ರಿಂದ ನಂಜನಗೂಡಿಗೆ ರೈಲು ಬರುತ್ತಿದ್ದಿತು. ಸಣ್ಣ ಊರಿನ ಪತ್ರಿಕೆಯೊಂದು ದೂರದ ಮನೆಗಳನ್ನು ಮುಟ್ಟುವುದಕ್ಕೆ ಇಂತಹ ಸೌಕರ್ಯಗಳೇ ಆಧಾರ. ಆ ರೈಲು ಚಾಮರಾಜನಗರವನ್ನು ಮುಟ್ಟಿದುದು 1926ರಲ್ಲಿ.

ಎಲ್ಲಕ್ಕಿಂತ ಕಠಿಣವಾದುದು ಕೊನೆಯ ಪಾಠ: ಆರಂಭಿಸುವುದು ಸುಲಭ, ಉಳಿಸುವುದು ಕಷ್ಟ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದ ಹೆರ್ಮನ್ ಮೋಗ್ಲಿಂಗರೂ ಒಂದು ವರ್ಷ ತುಂಬುವ ಮೊದಲೇ ಅದನ್ನು ಬಳ್ಳಾರಿಗೆ ಸಾಗಿಸಬೇಕಾಯಿತು. ‘ಕರ್ನಾಟಕ ನಂದಿನಿ’ಯೂ ಕೆಲವೇ ವರ್ಷ ಬಾಳಿತು. ಆದರೆ ದಾರಿಯು ಮುಚ್ಚಲಿಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ಆರಂಭಿಸಿದ ‘ಸರಸ್ವತಿ’ಯು ನಾಲ್ಕು ದಶಕಗಳ ಕಾಲ ನಡೆಯಿತು. ಮುಂದೆ ಹೋದವರ ಹೆಜ್ಜೆಯ ಗುರುತು ಹಿಂದೆ ಬರುವವರಿಗೆ ಧೈರ್ಯವಲ್ಲವೆ?

ತಿರುಮಲಾಂಬನವರ ವಿಚಾರಗಳೆಲ್ಲವನ್ನೂ ಇಂದಿನವರು ಒಪ್ಪಲಾರರು. ಪತಿವ್ರತಾಧರ್ಮವನ್ನು ಹೊಗಳಿದ ಲೇಖನಿಯೇ ಹೆಣ್ಣುಮಕ್ಕಳ ವಿದ್ಯೆಗಾಗಿಯೂ ವಾದಿಸಿತು. ಇದನ್ನು ವಿರೋಧವೆಂದು ತಳ್ಳಿಬಿಡುವುದು ಸುಲಭ. ಆದರೆ ಹಳೆಯ ಮನೆಯೊಳಗೇ ನಿಂತು ಹೊಸ ಕಿಟಕಿಯನ್ನು ತೆರೆಯಬೇಕಾದವರ ಭಾಷೆಯು ಹಾಗೆಯೇ ಇರುವುದು ಸಹಜ. ಮನೆಯ ಯಜಮಾನರು ಕೈಯಿಂದ ಕಿತ್ತುಕೊಳ್ಳದಂತಹ ಪುಸ್ತಕವಾದರೆ ತಾನೇ ಅದು ಒಳಮನೆಯ ಸ್ತ್ರೀಯರನ್ನು ಮುಟ್ಟುವುದು?

ಅವರು 1982ರಲ್ಲಿ ಮದರಾಸಿನಲ್ಲಿ ತೀರಿಕೊಂಡರು. ಅದಕ್ಕೆ ಬಹಳ ವರ್ಷಗಳ ಮೊದಲೇ ಅವರ ಲೇಖನಿಯು ಮೌನವಾಗಿತ್ತು; ಸಾಹಿತ್ಯಲೋಕವೂ ಅವರನ್ನು ಮರೆತಿತ್ತು. ಚಿ. ನ. ಮಂಗಳ ಮೊದಲಾದ ವಿದುಷಿಯರ ಶ್ರಮದಿಂದ ಆ ಹೆಸರು ಮತ್ತೆ ಬೆಳಕಿಗೆ ಬಂದಿತು. ಬದುಕಿರುವಾಗಲೇ ಮರೆತುಹೋಗುವ ದುರ್ಗತಿಯು ಸ್ವಂತ ಬಲದಿಂದ ಬರೆದು ಪ್ರಕಟಿಸಿದವರಿಗೆ ಬೇಗನೆ ಬರುತ್ತದೆ. ಅವರ ಹಿಂದೆ ಸಂಸ್ಥೆಯಿಲ್ಲ, ಭಂಡಾರವಿಲ್ಲ, ಇರುವುದು ಚಂದಾದಾರರ ಮನೆಯ ಪೆಟ್ಟಿಗೆಯೊಂದೇ.

ಆದಕಾರಣ ವಾಚಕರಲ್ಲಿ ಒಂದು ವಿಜ್ಞಾಪನೆ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರಗಳ ಹಳೆಯ ಮನೆಗಳಲ್ಲಿ ಅಟ್ಟವನ್ನು ಗುಡಿಸುವಾಗ ಹೊದಿಕೆ ಹರಿದ ಮಾಸಪತ್ರಿಕೆಯೊಂದು ದೊರೆತರೆ ಅದನ್ನು ರದ್ದಿಯವನಿಗೆ ತೂಗಿಕೊಡದಿರಲಿ. ನಮ್ಮ ಅಜ್ಜಿಯರು ಏನನ್ನು ಓದಿದರೆಂಬ ಚರಿತ್ರೆಯು ಆ ಗೆದ್ದಲು ತಿಂದ ಪುಟಗಳಲ್ಲಿಯೇ ಉಳಿದಿರಬಹುದು.