ಕೆರೆಯ ಏರಿಯೂ ಅದರ ಒಡೆಯನೂ

ಶಾಸನಗಳಲ್ಲಿ ಬನವಾಸಿ ಪನ್ನಿರ್ಚ್ಛಾಸಿರವೆಂದು ಕೀರ್ತಿತವಾದ ನಾಡಿನಲ್ಲಿ ಸೇರಿದ್ದವು ಇಂದಿನ ಶಿಕಾರಿಪುರ ಮತ್ತು ಸೊರಬ ಸೀಮೆಗಳು. ಮಲೆನಾಡು ಮುಗಿದು ಬಯಲು ತೊಡಗುವ ಈ ಸೆರಗಿನಲ್ಲಿ ಒಂದು ಕೆರೆಯ ಏರಿಯಿಂದಿಳಿದು ಸ್ವಲ್ಪ ದೂರ ನಡೆದರೆ ಮತ್ತೊಂದು ಕೆರೆಯ ಅಂಗಳವು ಕಾಣುವುದು. ಮೇಲಿನದರ ಕೋಡಿನೀರೇ ಕೆಳಗಿನದರ ಒಳಹರಿವಾದುದರಿಂದ, ಮೇಲಿನ ಏರಿಯು ಒಡೆದರೆ ಕೆಳಗಿನವುಗಳಿಗೂ ಅದೇ ಗತಿಯೊದಗುವ ಭಯವು ಇಲ್ಲಿ ಯಾವಾಗಲೂ ಉಂಟು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಣ ಕಂಬದ ಶಾಸನವು ಕದಂಬರ ವಂಶಚರಿತ್ರೆಗಾಗಿ ವಿದ್ವಾಂಸರಲ್ಲಿ ಪ್ರಖ್ಯಾತವಾಗಿದೆ. ಆದರೆ ಕ್ರಿ. ಶ. 5ನೆಯ ಶತಮಾನದ ಆ ಲೇಖನವು ಹುಟ್ಟಿದ್ದೇ ಒಂದು ಕೆರೆಯ ನಿಮಿತ್ತವಾಗಿ ಎಂಬುದನ್ನು ಅನೇಕರು ಮರೆಯುತ್ತಾರೆ. ಶಾತಕರ್ಣಿಯೇ ಮೊದಲಾದವರು ಪೂಜಿಸಿದ ಶಿವಾಲಯದ ಬಳಿಯಲ್ಲಿ ಕಾಕುಸ್ಥವರ್ಮನು ದೊಡ್ಡದೊಂದು ಕೆರೆಯನ್ನು ಮಾಡಿಸಿದನೆಂದೂ, ಅವನ ಮಗನಾದ ಶಾಂತಿವರ್ಮನ ಆಳಿಕೆಯಲ್ಲಿ ಕುಬ್ಜನೆಂಬ ಕವಿಯು ಆ ಕಾವ್ಯವನ್ನು ಶಿಲೆಯಲ್ಲಿ ಬರೆದನೆಂದೂ ಅದರಿಂದ ತಿಳಿದುಬರುತ್ತದೆ. ರೈಸ್ ಮಹಾಶಯರು 1902 ಮತ್ತು 1904ರಲ್ಲಿ ಪ್ರಕಟಿಸಿದ ಕರ್ಣಾಟಕ ಶಾಸನಸಂಪುಟಗಳ 7 ಮತ್ತು 8ನೆಯ ಭಾಗಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ಅಡಕವಾಗಿವೆ.

ಕೆರೆಯನ್ನು ಕಟ್ಟಿಸುವುದು ಒಂದು ಕಾಲದ ಉತ್ಸಾಹ. ಕಾಯುವುದು ಎಲ್ಲ ಕಾಲದ ಕೆಲಸ. ಇದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಕೆರೆಯನ್ನು ಕಟ್ಟಿದವನಿಗೂ ಜೀರ್ಣೋದ್ಧಾರಮಾಡಿದವನಿಗೂ ಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದರು. ಗದ್ದೆಯ ಬೆಳೆಯಲ್ಲಿ ಬಿತ್ತುವಟ್ಟವೆಂಬ ಪಾಲನ್ನು ತೆಗೆದಿಡುತ್ತಿದ್ದರು. ಹೂಳನ್ನೂ ಮಣ್ಣನ್ನೂ ಸಾಗಿಸುವ ಕೆರೆಬಂಡಿಗೆ ದತ್ತಿಯನ್ನು ಹಾಕುತ್ತಿದ್ದರು. ಮೈಸೂರು ಸೀಮೆಯಲ್ಲಿ ಕೆರೆಯನ್ನು ಸುಸ್ಥಿತಿಯಲ್ಲಿಡುವ ಕರಾರಿನ ಮೇಲೆ ಕೊಟ್ಟ ಜಮೀನಿಗೆ ಕಟ್ಟುಕೊಡಗೆಯೆಂಬ ಹೆಸರೇ ಬಂದಿತು. ಇಲ್ಲಿ ಗಮನಿಸತಕ್ಕದ್ದೊಂದಿದೆ: ಭೂಮಿಯ ಒಡೆತನವೂ ಏರಿಯ ಋಣವೂ ಒಂದೇ ಗಂಟಿನಲ್ಲಿದ್ದವು. ಸೊನ್ನಲಿಗೆಯಲ್ಲಿ ಕೆರೆಯನ್ನು ಮಾಡಿಸಿದ ಸಿದ್ಧರಾಮೇಶ್ವರರ ಪರಂಪರೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರಿಯ ಲಕ್ಷಣಗಳನ್ನು ಹೇಳುವ ಶಾಸನವೂ ಉಂಟು. ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬರೆಸಿದ ಸಂಸ್ಕೃತ ಲೇಖನವದು. ಅಲ್ಲಿ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ಗಟ್ಟಿಮಣ್ಣಿನ ನೆಲ, ಎರಡು ಗುಡ್ಡಗಳ ನಡುವೆ ಬಹಳ ಉದ್ದವಲ್ಲದ ದೃಢವಾದ ಕಟ್ಟೆ, ಸಮೀಪದಲ್ಲಿಯೇ ಕಲ್ಲುಗಣಿ, ಕೆಲಸಬಲ್ಲ ಜನರ ಗುಂಪು ಇವು ಸಾಧನಗಳಲ್ಲಿ ಸೇರಿವೆ. ದೋಷಗಳಾದರೋ, ಏರಿಯಿಂದ ನೀರು ಒಸರುವುದು, ಚೌಳುನೆಲ, ಎರಡು ರಾಜ್ಯಗಳ ಗಡಿ, ಅಂಗಳದ ನಡುವಣ ದಿಬ್ಬ, ನೀರು ಅಲ್ಪವಾಗಿ ಭೂಮಿ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ಭೂಮಿ ಅಲ್ಪವಾಗಿರುವುದು. ಒಸರುವಿಕೆಯು ದೋಷಗಳ ಸಾಲಿನಲ್ಲಿ ನಿಂತಿರುವುದು ಸುಮ್ಮನೆಯಲ್ಲವೆಂದು ಈ ಲೇಖಕನ ಮತ. ಇಂದಿನ ಶಿಲ್ಪಶಾಸ್ತ್ರಜ್ಞರೂ ಮಣ್ಣಿನ ಕಟ್ಟೆಗಳು ಕೆಡುವುದಕ್ಕೆ ನೀರು ನೆತ್ತಿಯ ಮೇಲೆ ಹರಿಯುವುದು, ಒಡಲೊಳಗೆ ದಾರಿಮಾಡಿಕೊಳ್ಳುವುದು ಎಂಬಿವೆರಡನ್ನೇ ಮುಖ್ಯ ಕಾರಣಗಳೆನ್ನುತ್ತಾರೆ. ತಿಳಿನೀರು ಒಸರಿದರೆ ಕಾದು ನೋಡಬಹುದು. ಕದಡಿದ ನೀರು ಬಂದರೆ ಏರಿಯ ಮಣ್ಣೇ ಹೊರಡುತ್ತಿದೆಯೆಂದು ತಿಳಿಯತಕ್ಕದ್ದು.

ಕೆಲವು ವರ್ಷಗಳ ಹಿಂದೆ ಸೊರಬದ ಕಡೆಯ ಒಂದು ಹಳ್ಳಿಯಲ್ಲಿ, ಒಂದು ಮನೆತನದ ಸ್ವಂತ ಜಮೀನಿನಲ್ಲಿರುವ ಸಣ್ಣ ಕಟ್ಟೆಯನ್ನು ನೋಡುವ ಸಂದರ್ಭವೊದಗಿತು. ಮೂರಾಳೆತ್ತರದ ಏರಿ; ಕೆಳಗೆ ಅಡಿಕೆತೋಟ, ಅದರಾಚೆ ನಾಲ್ಕಾರು ಮನೆಗಳು. ಏರಿಯ ಮೇಲೆ ಮರಗಳು ಬೆಳೆದಿದ್ದವು. ನಡುವೆ ಹುತ್ತ, ಬುಡದಲ್ಲಿ ಏಡಿಯ ಬಿಲಗಳು. ತೂಬಿನ ಕಲ್ಲು ಸರಿದ ಕಡೆಯಲ್ಲಿ ಬೇಸಗೆಯಲ್ಲಿಯೂ ಹಸುರು ಹುಲ್ಲಿತ್ತು; ಅದು ಒಸರಿನ ಗುರುತು. ಮಳೆಗಾಲದ ಕೊನೆಯ ನೀರನ್ನು ಹಿಡಿಯಲೆಂದು ಕೋಡಿಗೆ ಮಣ್ಣುಚೀಲಗಳನ್ನೊಟ್ಟಿ, ಮೀನು ಹೋಗದಂತೆ ಬಲೆಯನ್ನೂ ಬಿಗಿದಿದ್ದರು. ಹಿರಿಯರನ್ನು ವಿಚಾರಿಸಲಾಗಿ, “ಬುದ್ಧೀ, ನಮ್ಮಜ್ಜನ ಕಾಲದಿಂದ ನಿಂತದೆ, ಇನ್ನೇನಾಗ್ತದೆ?” ಎಂದರು. ಪಾಲಾದ ಮೂವರು ಅಣ್ಣತಮ್ಮಂದಿರಿಗೆ ನೀರಿನಲ್ಲಿ ಸಮಭಾಗವಿತ್ತು. ಏರಿಯು ಯಾರ ಪಾಲಿಗೂ ಬಂದಿರಲಿಲ್ಲ.

ಆ ಬಲೆಯನ್ನು ಕಂಡಾಗ ನೆನಪಾದದ್ದು ಅಮೇರಿಕದ ಪೆನ್ಸಿಲ್ವೇನಿಯ ಪ್ರಾಂತದ ಸೌತ್ ಫೋರ್ಕ್ ಕಟ್ಟೆ. ಅದೂ ಮಣ್ಣಿನದೇ, 72 ಅಡಿ ಎತ್ತರದ್ದು. ಕಾಲುವೆಗಾಗಿ ಸರ್ಕಾರವು ಕಟ್ಟಿಸಿದ್ದು ಕಡೆಗೆ ಧನಿಕರ ವಿಹಾರಸಂಘವೊಂದರ ಸ್ವತ್ತಾಯಿತು. ತಳದ ತೂಬಿನ ಕೊಳವೆಗಳು ಮೊದಲೇ ಹೋಗಿದ್ದವು, ಮತ್ತೆ ಹಾಕಿಸಲಿಲ್ಲ. ಗಾಡಿಗಳು ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿಯನ್ನಿಟ್ಟರು. 1889ನೆಯ ಮೇ 31ರಂದು ಮಹಾವೃಷ್ಟಿಯಿಂದ ನೀರು ನೆತ್ತಿಯನ್ನು ಮೀರಿ ಕಟ್ಟೆಯೊಡೆಯಿತು. ಕೆಳಗಣ ಜಾನ್ಸ್‌ಟೌನ್ ಪಟ್ಟಣವೂ ಹಳ್ಳಿಗಳೂ ಕೊಚ್ಚಿಹೋಗಿ 2,209 ಜನರು ಮಡಿದರು.

ನಮ್ಮ ದೇಶದಲ್ಲಿ 2021ರಲ್ಲಿ ಅಣೆಕಟ್ಟುಗಳ ಸುರಕ್ಷತೆಗೆ ಕಾಯಿದೆಯಾಗಿದೆ. ಅದು 15 ಮೀಟರಿಗೆ ಮೇಲ್ಪಟ್ಟವುಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಗೊತ್ತಾದ ಲಕ್ಷಣವುಳ್ಳವುಗಳಿಗೂ ಅನ್ವಯಿಸುವುದು. ಮೂರಾಳೆತ್ತರದ ಏರಿಯು ಆ ಲೆಕ್ಕದಲ್ಲಿ ಬಾರದು. ಹಳೆಯ ಕೊಡಗೆಯ ಕಟ್ಟುಪಾಡೂ ಈಗಿಲ್ಲ. ಹೀಗಾಗಿ ಇಂಥ ಕಟ್ಟೆಯನ್ನು ಕಾಯುವ ಭಾರವೆಲ್ಲವೂ ಒಡೆಯನ ವಿವೇಕದ ಮೇಲೆಯೇ ಬಿದ್ದಿದೆ.

ಮರುವರ್ಷ ಮುಂಗಾರಿಗೆ ಮುಂಚೆ ಆ ಹಳ್ಳಿಗೆ ಪುನಃ ಹೋದಾಗ ಕೋಡಿಯ ಚೀಲಗಳನ್ನೂ ಬಲೆಯನ್ನೂ ತೆಗೆದಿದ್ದರು. ಹುತ್ತವನ್ನು ಅಗೆದು ಜೇಡಿಮಣ್ಣನ್ನು ತುಂಬಿ ದಮ್ಮಸುಹಾಕಿದ್ದರು. ತೂಬಿನ ಕಲ್ಲಿನ ಖರ್ಚು ಯಾರದೆಂಬುದು ಮಾತ್ರ ಮೂವರಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಹುಲ್ಲು ಹಾಗೆಯೇ ಹಸುರಾಗಿತ್ತು.