ಗ್ರಾಮೀಣ ಸ್ವಸಹಾಯ ಸಂಘಗಳ ಆದಾಯದ ಕಸುಬುಗಳು: ಲೋಕಾಪುರ–ಮುಧೋಳ ಸೀಮೆ

ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂಡಿ ಉಳಿತಾಯ ಕಟ್ಟಿ, ಆ ಗಂಟಿನಿಂದಲೋ ಬ್ಯಾಂಕಿನಿಂದಲೋ ಸಾಲ ಎತ್ತಿ ನಡೆಸುವ ಸಣ್ಣ ಉದ್ಯೋಗಗಳು. ಬಾಗಲಕೋಟೆ ಜಿಲ್ಲೆಯ ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನಲ್ಲಿ ಎಮ್ಮೆ ಮತ್ತು ಆಡು ಸಾಕಣೆ, ಖಡಕ್ ರೊಟ್ಟಿ, ಹಿಂಡಿ-ಚಟ್ನಿ, ಶಾವಿಗೆ, ಹಪ್ಪಳ, ಹೊಲಿಗೆ, ಕಿರಾಣಿ ಅಂಗಡಿ ಇವು ಹೆಚ್ಚಾಗಿ ಕಾಣುವ ಕಸುಬುಗಳು.

ಸಾಲಕ್ಕಾಗಿ ಒಟ್ಟುಗೂಡುವುದು, ಹಿಂದೆ ಮುಂಬಯಿ ಕರ್ನಾಟಕ ಎನಿಸಿದ್ದ ಈ ಭಾಗಕ್ಕೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆದರೆ ಇಂಥ ಸಂಘಗಳ ಸಾಲ ನಡೆದದ್ದು ಹೊಲದ ಉತಾರದ (ಪಹಣಿಯ) ಮೇಲೆ. ಉತಾರ ಇದ್ದದ್ದು ಬಹುಪಾಲು ಗಂಡಸರ ಹೆಸರಿನಲ್ಲಿ. ಹೆಂಗಸರ ವ್ಯಾಪಾರವೇನೂ ನಿಂತಿರಲಿಲ್ಲ. ಬಾದಾಮಿಯ ಬನಶಂಕರಿ ಗುಡಿಯ ಬಯಲಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ರೊಟ್ಟಿ, ಕೆಂಪು ಚಟ್ನಿ, ಮೊಸರು ಮಾರುವವರನ್ನು ಯಾವ ಇಲಾಖೆಯೂ ತರಬೇತಿ ಕೊಟ್ಟು ಕಳಿಸಿದ್ದಲ್ಲ. ಅವರಿಗೆ ಇಲ್ಲದ್ದು ಬಂಡವಾಳ, ಅದೂ ಬಡ್ಡಿಗೆ ಬೆನ್ನು ಮುರಿಯದಂಥದ್ದು.

1982ರಲ್ಲಿ ಬಂದ ಕೇಂದ್ರದ ಡ್ವಾಕ್ರಾ ಯೋಜನೆ ಮಹಿಳೆಯರ ಗುಂಪಿಗೆ ಸುತ್ತುನಿಧಿ ಕೊಟ್ಟು ಕಸುಬು ಹೂಡಿಸಲು ನೋಡಿತು. ಮೊದಲು ಹಣ, ಆಮೇಲೆ ಒಗ್ಗಟ್ಟು ಎಂಬ ಆ ಕ್ರಮವನ್ನು ತಿರುಗಿಸಿದ್ದು ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡಾ. ದೊಡ್ಡ ಸಹಕಾರ ಸಂಘಗಳು ಒಡೆದು ಸಣ್ಣ ಗುಂಪುಗಳಾದದ್ದನ್ನು ಎಂಬತ್ತರ ದಶಕದ ನಡುವೆ ಗಮನಿಸಿದ ಅದು, ಪರಸ್ಪರ ನಂಬಿಕೆಯುಳ್ಳವರು ತಾವೇ ಉಳಿಸಿ ತಾವೇ ಸಾಲ ಕೊಟ್ಟುಕೊಳ್ಳುವ ಪದ್ಧತಿಯನ್ನು ಬೆಳೆಸಿತು. ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿದದ್ದರ ಹಿಂದೆ ಕರ್ನಾಟಕದ ಈ ಅನುಭವವಿತ್ತು.

1997ರವರೆಗೆ ಲೋಕಾಪುರ ಇದ್ದದ್ದು ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿ. ಆ ಜಿಲ್ಲೆಯಲ್ಲಿ ಮಲ್ಲಮ್ಮ ಯಾಳವಾರ 1986ರಲ್ಲಿ ಕಟ್ಟಿದ ‘ಸಬಲಾ’ ಸಂಸ್ಥೆ ಲಂಬಾಣಿ ಕಸೂತಿಯನ್ನು ದೂರದ ಮಾರುಕಟ್ಟೆಗೆ ಒಯ್ದಿತು. ಪಕ್ಕದ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರು ತೊಂಬತ್ತರ ದಶಕದಲ್ಲಿ ತಮ್ಮದೇ ಸಂಸ್ಥೆ ‘ಮಾಸ್’ ಕಟ್ಟಿಕೊಂಡರು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿತ್ತು. ಪದ್ಧತಿ ಬಿಟ್ಟವರು ಹೊಟ್ಟೆಗೇನು ಮಾಡಬೇಕು ಎಂಬ ಪ್ರಶ್ನೆ ಕಾಯ್ದೆಯ ಹೊರಗೇ ಉಳಿದಿತ್ತು. ಈ ಸೀಮೆಯಲ್ಲಿ ಸಂಘದ ಎಮ್ಮೆ, ಆಡುಗಳಿಗೆ ಹೆಚ್ಚಿನ ತೂಕ ಬರುವುದು ಅವು ಇಂಥವರ ಹೊಟ್ಟೆಪಾಡೂ ಆಗುವುದರಿಂದ.

ಹಳ್ಳಿಹಳ್ಳಿಗೆ ಸಂಘ ಮುಟ್ಟಿದ್ದು 2000-01ರ ಸ್ತ್ರೀಶಕ್ತಿ ಯೋಜನೆಯಿಂದ. ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮೋಟಮ್ಮ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಕಾಲವದು. ಗುಂಪು ಕಟ್ಟುವ ಹೊಣೆ ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಬಿತ್ತು. ಪ್ರತಿ ಗುಂಪಿಗೆ 5,000 ರೂಪಾಯಿ ಸುತ್ತುನಿಧಿ ಸಿಕ್ಕಿತು. ಮುಂದೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳೂ ಈ ಕಡೆಗೆ ಹಬ್ಬಿದವು. ಒಬ್ಬಳೇ ಹೆಣ್ಣುಮಗಳು ಎರಡು ಮೂರು ಸಂಘಗಳಲ್ಲಿ ಕಂತು ಕಟ್ಟುವುದು ಆಮೇಲೆ ಮಾಮೂಲಾಯಿತು.

ಕಸುಬುಗಳ ಪೈಕಿ ಊರಿಗೆ ಒಗ್ಗಿದವು ಉಳಿದವು. ಫಿನಾಯಿಲ್, ಮೇಣದಬತ್ತಿ, ಊದಿನಕಡ್ಡಿಗಳ ತರಬೇತಿ ಹಲವು ಜಿಲ್ಲೆಗಳಲ್ಲಿ ನಡೆದಿದೆ; ಕಾರ್ಖಾನೆಯ ಮಾಲಿನೆದುರು ಅವು ನಿಲ್ಲುವುದು ಕಷ್ಟ. ರೊಟ್ಟಿಯ ಮಾತು ಬೇರೆ. ಹಿಂಗಾರಿ ಬಿಳಿಜೋಳ ಇಲ್ಲಿಯದೇ ಬೆಳೆ, ಬಡಿಯುವ ಕೈ ಮನೆಯಲ್ಲೇ ಇದೆ. ಹಂಚಿನ ಮೇಲೆ ಬೇಯಿಸಿ, ತೇವ ಪೂರ್ತಿ ಆರುವಂತೆ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಾಗಾಗಿ ಬಸ್ಸಿನಲ್ಲಿ ಬೆಂಗಳೂರು, ಪುಣೆಗೂ ಹೋಗುತ್ತದೆ. ಖಾನಾವಳಿ, ಮದುವೆಮನೆಗಳ ಗಿರಾಕಿ ವರ್ಷವಿಡೀ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಬೇಡಿಕೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ, ಗುರೆಳ್ಳು. ವಿದ್ಯುತ್ ಯಂತ್ರ ಬಂದ ಮೇಲೆ ರಟ್ಟೆಯ ನೋವು ಇಳಿಯಿತು. ಬಡಿದ ರೊಟ್ಟಿಯ ರುಚಿ ಯಂತ್ರದ್ದಕ್ಕಿಲ್ಲ ಎನ್ನುವವರು ಸಾಮಾನ್ಯವಾಗಿ ಬಡಿಯುವವರಲ್ಲ, ತಿನ್ನುವವರು.

ವರದಿಗಳಲ್ಲಿ ‘ಗುಂಪು ಉದ್ಯಮ’ ಎಂದು ಬರೆದರೂ ಹೆಚ್ಚಿನ ಕಡೆ ಸಾಲವಷ್ಟೇ ಗುಂಪಿನದು, ದುಡಿಮೆ ಮನೆಮನೆಯದು. ಎಮ್ಮೆಯನ್ನು ಹದಿನೈದು ಮಂದಿ ಹಂಚಿಕೊಂಡು ಸಾಕಲಾಗದು. ಸಾಲದ ಒಂದು ಪಾಲು ಆಸ್ಪತ್ರೆ, ಮದುವೆ, ಶಾಲಾ ಶುಲ್ಕಕ್ಕೂ ಹೋಗುತ್ತದೆ. ಅದನ್ನು ದುರುಪಯೋಗವೆನ್ನಲಾಗದು, ನೂರಕ್ಕೆ ತಿಂಗಳಿಗೆ ಐದು, ಹತ್ತು ರೂಪಾಯಿಯ ಕೈಬಡ್ಡಿಯಿಂದ ತಪ್ಪಿಸಿಕೊಂಡದ್ದೂ ಆದಾಯವೇ.

2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾಗಿ, ರಾಜ್ಯದಲ್ಲಿ ‘ಸಂಜೀವಿನಿ’ ಎಂಬ ಹೆಸರು ಪಡೆಯಿತು. ಸಂಘಗಳ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಬಂದವು. ಲೆಕ್ಕ ಬರೆಯುವವರು, ಹೊಲ ಮತ್ತು ದನಕರುಗಳ ಬಗ್ಗೆ ಸಲಹೆ ನೀಡುವ ಕೃಷಿ ಸಖಿ, ಪಶು ಸಖಿಯರು ಗೌರವಧನದ ಮೇಲೆ ನೇಮಕಗೊಂಡರು. ಹಲವು ಪಂಚಾಯಿತಿಗಳಲ್ಲಿ ಕಸ ಸಾಗಿಸುವ ಸ್ವಚ್ಛವಾಹಿನಿಯ ಸ್ಟಿಯರಿಂಗ್ ಸಂಘದ ಹೆಂಗಸರ ಕೈಗೆ ಬಂತು. ಮಾರಾಟ ಮಾತ್ರ ಇಂದಿಗೂ ಮೇಳಗಳನ್ನೇ ಬಹಳ ನೆಚ್ಚಿದೆ.

ಈ ನಡುವೆ ಖಾಸಗಿ ಕಿರುಸಾಲ ಕಂಪನಿಗಳೂ ಗುಂಪಿನ ಜಾಮೀನು ಪದ್ಧತಿಯನ್ನೇ ಹಿಡಿದು ಹಳ್ಳಿ ಹೊಕ್ಕವು. ಕಸುಬಿನ ಹುಟ್ಟುವಳಿ ಕೈಸೇರುವ ಮೊದಲೇ ಕಂತಿನ ದಿನ ಬರುವ ಆ ಸಾಲಗಳ ವಸೂಲಿಯ ಕಾಟ ರಾಜ್ಯದುದ್ದಕ್ಕೂ ಸುದ್ದಿಯಾಗಿ, 2025ರ ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು.